ಅವ್ವ ಕೈ ಎತ್ತಲಿಲ್ಲ

ಚೆನ್ನೈನ ನಂಗನಲ್ಲೂರಿನಲ್ಲಿ ನಮ್ಮ ಮನೆಯ ಮಹಡಿಯ ಮೇಲೆ ನಿಂತರೆ ಪರಂಗಿಮಲೈ ಕಾಣುತ್ತದೆ. ಇಂಗ್ಲಿಷಿನಲ್ಲಿ ಸೇಂಟ್ ಥಾಮಸ್ ಮೌಂಟ್. ಗುಡ್ಡ ಅಂದರೆ ನಮ್ಮ ಗದಗಿನ ಕಪ್ಪತಗುಡ್ಡದಂಥದ್ದೇನಲ್ಲ, ಎತ್ತರ ಸುಮಾರು 300 ಅಡಿ. ಯೇಸುವಿನ ಹನ್ನೆರಡು ಮಂದಿ ಶಿಷ್ಯರಲ್ಲಿ ಒಬ್ಬನಾದ ತೋಮ ಕ್ರಿ.ಶ. 52ರಲ್ಲಿ ಕೇರಳದ ಕರಾವಳಿಗೆ ಬಂದಿಳಿದ, 72ರಲ್ಲಿ ಇದೇ ಗುಡ್ಡದ ಮೇಲೆ ಈಟಿಯ ತಿವಿತಕ್ಕೆ ಪ್ರಾಣ ಬಿಟ್ಟ ಅನ್ನುವುದು ಇಲ್ಲಿಯ ಕ್ರೈಸ್ತರು ತಲೆತಲಾಂತರದಿಂದ ನಂಬಿಕೊಂಡು ಬಂದ ಮಾತು. ಆತನ ಸಮಾಧಿಯ ಮೇಲೆ ಕಟ್ಟಿದ ದೊಡ್ಡ ಚರ್ಚು ಸಮುದ್ರದ ದಂಡೆಯಲ್ಲಿ, ಸಾಂತೋಮ್‌ನಲ್ಲಿದೆ. ಇಟಲಿಯ ಒರ್ತೋನಾ ಎಂಬ ಊರಿನವರು ಮಾತ್ರ ಆತನ ಎಲುಬುಗಳು 1258ರಿಂದ ತಮ್ಮಲ್ಲಿವೆ ಅನ್ನುತ್ತಾರೆ.

ತೋಮ ಯಾರು ಅಂತ ಓದುಗರಲ್ಲಿ ಎಲ್ಲರಿಗೂ ಗೊತ್ತಿರಲಿಕ್ಕಿಲ್ಲ. ಶಿಲುಬೆಯ ಮೇಲೆ ಸತ್ತ ಯೇಸು ಮೂರನೆಯ ದಿನ ಎದ್ದು ಬಂದು ಶಿಷ್ಯರಿಗೆ ಕಾಣಿಸಿಕೊಂಡಾಗ ಈತ ಅಲ್ಲಿರಲಿಲ್ಲ. ಉಳಿದವರು ಹೇಳಿದರೆ ಒಪ್ಪಲಿಲ್ಲ. ಮೊಳೆಯ ಗಾಯವನ್ನು ಕಣ್ಣಾರೆ ಕಂಡು ಬೆರಳಿಟ್ಟು ನೋಡದ ಹೊರತು ತಾನು ನಂಬುವುದಿಲ್ಲ ಅಂತ ಹಟ ಹಿಡಿದ. ಅಂದಿನಿಂದ ಅವನ ಹೆಸರಿಗೆ ಸಂಶಯ ಅನ್ನುವುದು ಬಾಲದ ಹಾಗೆ ಅಂಟಿಕೊಂಡಿತು. ಸಂಡೇ ಸ್ಕೂಲಿನಲ್ಲಿ ನಮಗೆ ಅವನನ್ನು ತೋರಿಸುತ್ತಿದ್ದದ್ದು, ಹೀಗಿರಬಾರದು ಎಂಬುದಕ್ಕೆ ಉದಾಹರಣೆಯಾಗಿ. ಅಂಥವನ ಗುಡ್ಡದ ಮಗ್ಗುಲಲ್ಲೇ ನಾನು 1998ರಿಂದ ಬದುಕುತ್ತಿದ್ದೇನೆ. ಬ್ಯಾಂಕಿನ ವರ್ಗಾವಣೆ ಇಲ್ಲಿಗೆ ತಂದು ಹಾಕಿತು, ನಿವೃತ್ತಿಯಾದ ಮೇಲೂ ಇಲ್ಲೇ ಉಳಿದೆ.

ಈಗ ಹೇಳಹೊರಟಿರುವುದು 2009ರ ಮಾತು. ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ಬೆಟಗೇರಿಯಿಂದ ಇಲ್ಲಿಗೆ ಕರೆತಂದಿದ್ದೆ. ನಮ್ಮದು ಹಳೆಯ ಬಾಸೆಲ್ ಮಿಶನ್ ಮನೆತನ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದವರು. ಅಲ್ಲಿಂದ ಮೇಲೆ ಹತ್ತು ವರ್ಷದೊಳಗೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ನೆಲೆ ಊರಿದ್ದರು. ಅವ್ವ ಓದಿದ್ದು ನಾಲ್ಕನೆಯ ಇಯತ್ತೆ. ಹಸುಗೂಸಾಗಿದ್ದಾಗ ದೀಕ್ಷಾಸ್ನಾನ, ಹದಿನಾರಕ್ಕೆ ದೃಢೀಕರಣ, ಅದೇ ಚರ್ಚಿನಲ್ಲಿ ಮದುವೆ. ಭಾನುವಾರ ಗಂಟೆ ಬಾರಿಸಿದರೆ ಸೆರಗು ಸರಿಮಾಡಿಕೊಂಡು ಹೊರಡುವುದು, ಯಾರಾದರೂ ಸತ್ತರೆ ಮಣ್ಣಿಗೆ ಹೋಗಿ ಬರುವುದು, ಕ್ರಿಸ್‌ಮಸ್ಸಿಗೆ ಓಣಿಯ ಮನೆಮನೆಗೆ ಕರ್ಜಿಕಾಯಿ ಕಳಿಸುವುದು. ಆಕೆಯ ಭಕ್ತಿ ಅಂದರೆ ಇಷ್ಟೇ. ತನಗೆ ರಕ್ಷಣೆ ಸಿಕ್ಕಿದೆಯೋ ಇಲ್ಲವೋ ಅಂತ ಆಕೆಯನ್ನು ಎಪ್ಪತ್ತಾರು ವರ್ಷ ಯಾರೂ ಕೇಳಿರಲಿಲ್ಲ.

ಆ ವರ್ಷ ನವೆಂಬರಿನ ಮಳೆಯಲ್ಲಿ ಒಂದು ಉಜ್ಜೀವನ ಕೂಟಕ್ಕೆ ಹೋದೆವು. ಬೋಧಕರು ಕನ್ನಡದಲ್ಲಿ ಮಾತಾಡುತ್ತಾರೆ ಅನ್ನುವುದೇ ಹೋಗಲಿಕ್ಕೆ ಕಾರಣ. ಹೊರನಾಡಿನಲ್ಲಿ ಇದ್ದವರಿಗೆ ಈ ಆಸೆ ಗೊತ್ತು. ಕನ್ನಡದಲ್ಲಿ ಪ್ರಾರ್ಥನೆ ಅಂದರೆ ಎರಡು ಬಸ್ಸು ಬದಲಾಯಿಸಿ ಹೋಗುತ್ತೇವೆ. ಬಾಡಿಗೆ ಹಾಲಿನಲ್ಲಿ ಅರವತ್ತು ಎಪ್ಪತ್ತು ಜನ ಇದ್ದೆವು. ಬೋಧಕರು ಚೆನ್ನಾಗಿಯೇ ಮಾತಾಡಿದರು. ಕೊನೆಗೆ ಒಂದು ಪ್ರಶ್ನೆ ಹಾಕಿದರು. ಈ ರಾತ್ರಿಯೇ ನೀವು ಸತ್ತರೆ ಸ್ವರ್ಗಕ್ಕೆ ಹೋಗುತ್ತೀರಿ ಅನ್ನುವುದು ನಿಮಗೆ ಖಚಿತವಾಗಿ ಗೊತ್ತೇ? ಗೊತ್ತಿದ್ದವರು ಕೈ ಎತ್ತಿ.

ಕೈಗಳು ಎದ್ದವು. ನಾನೂ ಎತ್ತಿದೆ. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ದೇವರಿದ್ದಾನೆ ಎಂಬುದರ ಬಗ್ಗೆಯೇ ನನಗೆ ಹತ್ತಾರು ವರ್ಷಗಳ ಸಂಶಯ ಇತ್ತು. ಆದರೂ ಪಕ್ಕದವರೆಲ್ಲ ಪರಿಚಯದವರು, ಬ್ಯಾಂಕಿನ ಗ್ರಾಹಕರೂ ಇದ್ದರು, ಎತ್ತಿದೆ. ಅವ್ವ ಎತ್ತಲಿಲ್ಲ. ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ಬೋಧಕರ ಕಣ್ಣು ಒಂದು ಗಳಿಗೆ ಆಕೆಯ ಮೇಲೆ ನಿಂತು ಮುಂದೆ ಹೋಯಿತು.

ಆಟೋದಲ್ಲಿ ಬರುವಾಗ ಅವ್ವ ಅಂದಳು: “ಎಲ್ಲಾರಿಗೂ ಗೊತ್ತೈತಿ. ನನಗೊಬ್ಬಾಕಿಗೇ ಗೊತ್ತಿಲ್ಲ ನೋಡು.”

“ಅವರೇನು ಹೋಗಿ ನೋಡಿ ಬಂದಾರೇನವ್ವಾ?” ಅಂತ ನಾನು ನಗಲಿಕ್ಕೆ ನೋಡಿದೆ. ಆಕೆ ನಗಲಿಲ್ಲ.

ಆಮೇಲಿನ ತಿಂಗಳುಗಳಲ್ಲಿ ಅವ್ವ ಸೊರಗಿದಳು. ಎಂದೋ ಅತ್ತೆಗೆ ಎದುರು ಮಾತಾಡಿದ್ದು, ಬರಗಾಲದ ವರ್ಷ ನೆರೆಮನೆಯವರು ಜೋಳ ಕೇಳಿದಾಗ ಇಲ್ಲ ಅಂದದ್ದು, ಇಂಥವನ್ನೆಲ್ಲ ಕೆದಕಿ ಕೆದಕಿ ತೆಗೆಯುತ್ತಿದ್ದಳು. ಪ್ರಾರ್ಥನೆಗೆ ಕೂತರೆ, “ಬಾಯಿ ಹೇಳತೈತಿ, ಎದಿ ಹೇಳಂಗಿಲ್ಲ” ಅನ್ನುತ್ತಿದ್ದಳು. ನನ್ನ ಸಂಶಯ ಬೇರೆ, ಆಕೆಯದು ಬೇರೆ ಅನ್ನುವುದು ನನಗೆ ಆಗ ಹೊಳೆಯಿತು. ನನ್ನದು ಮನೆಯೇ ಇದೆಯೋ ಇಲ್ಲವೋ ಅನ್ನುವ ಸಂಶಯ. ಆಕೆಯದು ಮನೆ ಇದೆ, ಆದರೆ ಬಾಗಿಲು ನನಗೆ ತೆರೆಯುತ್ತದೋ ಇಲ್ಲವೋ ಅನ್ನುವುದು. ಮೊದಲನೆಯದನ್ನು ಇಟ್ಟುಕೊಂಡು ನಾನು ಹೊಟ್ಟೆತುಂಬ ಉಂಡು ನಿದ್ದೆ ಮಾಡುತ್ತಿದ್ದೆ. ಎರಡನೆಯದು ಆಕೆಯ ನಿದ್ದೆ ತಿನ್ನುತ್ತಿತ್ತು.

ಬೆಟಗೇರಿಯಲ್ಲಿ ಈ ಪ್ರಶ್ನೆ ಯಾಕೆ ಏಳಲಿಲ್ಲ? ಊರಿನಲ್ಲಿ ನಂಬಿಕೆ ಒಬ್ಬೊಬ್ಬರ ಸ್ವಂತ ಖಾತೆಯಾಗಿರಲಿಲ್ಲ. ಗಂಟೆ, ಓಣಿ, ಸಮಾಧಿಯ ಕಲ್ಲುಗಳ ಮೇಲಿನ ಹೆಸರುಗಳು, ಇವೆಲ್ಲ ಸೇರಿ ಅದನ್ನು ಹೊರುತ್ತಿದ್ದವು. ಇಲ್ಲಿ ಅವ್ವನಿಗೆ ಗಂಟೆಯಿಲ್ಲ, ಓಣಿಯಿಲ್ಲ. ಸ್ವಂತ ಎದೆಯೊಂದೇ ಉಳಿಯಿತು. ಅದನ್ನು ಬಗೆದು ನೋಡಿದರೆ ಏನೂ ಕಾಣಲಿಲ್ಲ.

ಪ್ರಶ್ನೆ ಅವ್ವನೊಬ್ಬಳದೇ ಅಲ್ಲ ಅಂತ ತಿಳಿದದ್ದು ಪುಸ್ತಕ ತೆಗೆದ ಮೇಲೆ. ಮನುಷ್ಯ ರಕ್ಷಣೆ ಹೊಂದುವುದು ತನ್ನ ಪುಣ್ಯದಿಂದಲ್ಲ, ದೇವರ ಕೃಪೆಯಿಂದ ಅನ್ನುವುದನ್ನು ಕ್ರೈಸ್ತರೆಲ್ಲ ಒಪ್ಪುತ್ತಾರೆ. ಆ ಕೃಪೆ ನನಗೇ ಸಿಕ್ಕಿದೆ ಅಂತ ಬದುಕಿರುವಾಗಲೇ ತಿಳಿಯಬಹುದೇ ಅನ್ನುವಲ್ಲಿ ಜಗಳ. 1547ರಲ್ಲಿ ಟ್ರೆಂಟ್ ಎಂಬಲ್ಲಿ ಸೇರಿದ ಕಥೋಲಿಕ ಮಹಾಸಭೆ, ತಪ್ಪಲಾರದಂಥ ನಿಶ್ಚಯ ಯಾರಿಗೂ ಇರಲಾರದು ಅಂತ ತೀರ್ಮಾನಿಸಿತು. ಅವರ ಹೆದರಿಕೆ ಅಹಂಕಾರದ್ದು. ತನಗೆ ಸೀಟು ಖಾತ್ರಿ ಅಂದುಕೊಂಡವನು ಮೈಮರೆಯುತ್ತಾನೆ. ಲೂಥರ್, ಕ್ಯಾಲ್ವಿನ್ ಇವರ ಹೆದರಿಕೆ ಹತಾಶೆಯದು. ನಿಶ್ಚಯವೇ ಇಲ್ಲದವನು ಎಷ್ಟು ಉಪವಾಸ ಮಾಡಿದರೂ ಸಾಲದೆಂದು ಸೊರಗುತ್ತಾನೆ. ಲೂಥರ್ ಸ್ವತಃ ಸನ್ಯಾಸಿಯಾಗಿ ಹಾಗೆ ಸೊರಗಿದವನು. ನಂಬಿಕೆ ಅಂದರೇನೇ ನಿಶ್ಚಯ ಅಂದ ಕ್ಯಾಲ್ವಿನ್ನನೂ, ಸಂಶಯ ಸೋಕದ ನಿಶ್ಚಯ ತಾನು ಹೇಳುತ್ತಿಲ್ಲ ಅಂತ ಕೂಡಲೇ ಸೇರಿಸುತ್ತಾನೆ. ನಿನ್ನೊಳಗೆ ಹುಡುಕಬೇಡ, ಕ್ರಿಸ್ತನ ಕಡೆ ನೋಡು ಅನ್ನುವುದು ಅವನ ಸಲಹೆ. ನೂರು ವರ್ಷದ ಮೇಲೆ, 1646ರಲ್ಲಿ, ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಬರೆದ ವಿಶ್ವಾಸ ಪ್ರಮಾಣ ಇನ್ನೂ ಮೆತ್ತಗಾಯಿತು. ನಿಜವಾದ ನಂಬಿಕೆಯುಳ್ಳವನೂ ನಿಶ್ಚಯಕ್ಕಾಗಿ ಬಹುಕಾಲ ಕಾಯಬೇಕಾಗಬಹುದು, ಸಿಕ್ಕದ್ದು ಅಲ್ಲಾಡಲೂಬಹುದು ಅಂದಿತು. ಅಂದರೆ ಕೈ ಎತ್ತದವಳೂ ಒಳಗಿನವಳೇ.

ನನಗೆ ಹೆಚ್ಚು ಹತ್ತಿರವಾದದ್ದು ಜಾನ್ ವೆಸ್ಲಿಯ ಕಥೆ. ಮೆಥಡಿಸ್ಟ್ ಪಂಥ ಹುಟ್ಟುಹಾಕಿದವನು, ಬೀದರಿನ ಕಡೆಯವರಿಗೆ ಪರಿಚಯದ ಹೆಸರು. 1735ರಲ್ಲಿ ಆತ ಇಂಗ್ಲೆಂಡಿನಿಂದ ಅಮೆರಿಕದ ಜಾರ್ಜಿಯಾಕ್ಕೆ ಧರ್ಮಬೋಧನೆಗೆಂದು ಹೊರಟ. ದಾರಿಯಲ್ಲಿ ಬಿರುಗಾಳಿಗೆ ಹಡಗು ತುಯ್ದಾಡಿ ಇಂಗ್ಲಿಷರೆಲ್ಲ ಚೀರಾಡುತ್ತಿದ್ದರೆ, ಮೊರೇವಿಯನ್ ಎಂಬ ಜರ್ಮನ್ ಪಂಗಡದವರು ನಿಶ್ಚಿಂತೆಯಿಂದ ಕೀರ್ತನೆ ಹಾಡುತ್ತಿದ್ದರು. ದಡ ಸೇರಿದ ಮೇಲೆ ಅವರ ಮುಖಂಡ ಸ್ಪಾಂಗೆನ್‌ಬರ್ಗ್, ಯೇಸು ನಿನ್ನನ್ನು ರಕ್ಷಿಸಿದ್ದಾನೆ ಅಂತ ನಿನಗೆ ಗೊತ್ತೇ ಅಂತ ವೆಸ್ಲಿಯನ್ನು ಕೇಳಿದ. ಆತ ಲೋಕರಕ್ಷಕ ಅಂತ ಗೊತ್ತು ಅಂದ ವೆಸ್ಲಿ. ಅದು ಸರಿ, ನಿನ್ನನ್ನು? ತಡವರಿಸಿ, ಹೌದು ಅಂದ. ಅದು ಬರಿಯ ಬಾಯಿಮಾತಾಯಿತೇನೋ ಅಂತ ಆಮೇಲೆ ತನ್ನ ದಿನಚರಿಯಲ್ಲಿ ಬರೆದುಕೊಂಡ. ನಮ್ಮ ಬಾಡಿಗೆ ಹಾಲಿನ ಪ್ರಶ್ನೆಯೇ ಅದು. ವೆಸ್ಲಿ ನನ್ನ ಹಾಗೆಯೇ ಕೈ ಎತ್ತಿದ್ದ.

ಮುಂದಿನದು ಪ್ರಸಿದ್ಧ. 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟದಲ್ಲಿ ಯಾರೋ ಲೂಥರನ ಬರಹ ಓದುತ್ತಿರುವಾಗ ಎದೆ ವಿಚಿತ್ರವಾಗಿ ಬೆಚ್ಚಗಾಯಿತು, ತನ್ನ ಪಾಪ ಕಳೆಯಿತೆಂಬ ನಿಶ್ಚಯ ಬಂತು. ಬೋಧಕರು ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಎಂಟು ತಿಂಗಳೊಳಗೆ, 1739ರ ಜನವರಿಯಲ್ಲಿ, ತಾನು ಕ್ರೈಸ್ತನೇ ಅಲ್ಲ ಅಂತ ಅದೇ ವೆಸ್ಲಿ ಬರೆದುಕೊಂಡಿದ್ದಾನೆ. 1766ರಲ್ಲಿ, ಅರುವತ್ತು ದಾಟಿ ಸಾವಿರಾರು ಜನರಿಗೆ ಗುರುವಾಗಿದ್ದಾಗ, ತಾನು ದೇವರನ್ನು ಎಂದೂ ಪ್ರೀತಿಸಿಯೇ ಇಲ್ಲ ಅನ್ನಿಸುತ್ತದೆ ಅಂತ ತಮ್ಮ ಚಾರ್ಲ್ಸನಿಗೆ ಪತ್ರ ಬರೆದ. ಅದೇ ಪತ್ರದಲ್ಲಿ, ಆದರೂ ಈ ಕೆಲಸ ಬಿಡಲಾರೆ ಅಂದ. ಈ ಭಾಗವನ್ನು ಆ ಸಂಜೆ ಯಾರಾದರೂ ಅವ್ವನಿಗೆ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು!

ಆಕೆಗೆ ಸ್ವಲ್ಪ ಸಮಾಧಾನ ಹೇಳಿದವರು ಕ್ರೈಸ್ತರಲ್ಲ, ನಮ್ಮ ಕೆಳಗಿನ ಮನೆಯ ಮಾಮಿ. ಮೇಲುಕೋಟೆ ಕಡೆಯ ಅಯ್ಯಂಗಾರರು. ಮದುವೆಯಾಗಿ ಬಂದು ಐವತ್ತು ವರ್ಷವಾದರೂ ಕನ್ನಡ ಬಿಟ್ಟಿರಲಿಲ್ಲ. ಮಧ್ಯಾಹ್ನ ಇಬ್ಬರೂ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಬಿಡಿಸುತ್ತ ಮಾತಾಡುವರು. ಒಂದು ದಿನ ಅವ್ವ ಇದನ್ನೂ ಹೇಳಿಕೊಂಡಿರಬೇಕು. ಮಾಮಿ ನಕ್ಕುಬಿಟ್ಟರು.

“ಅಯ್ಯೋ ಅಮ್ಮಾ, ನಮ್ಮಲ್ಲೂ ಇದೇ ಜಗಳ ಕಣ್ರೀ! ವಡಗಲೆಯವರು ಮರ್ಕಟ ನ್ಯಾಯ ಅಂತಾರೆ. ಕೋತಿಮರಿ ತಾಯಿಯ ಹೊಟ್ಟೇನ ತಾನೇ ಗಟ್ಟಿಯಾಗಿ ಹಿಡ್ಕೋಬೇಕು. ನಾವು ತೆಂಗಲೆ, ನಮ್ದು ಮಾರ್ಜಾಲ ನ್ಯಾಯ. ಬೆಕ್ಕಿನಮರಿ ಏನೂ ಹಿಡ್ಕೊಳಲ್ಲ, ತಾಯಿ ತಾನೇ ಬಾಯಲ್ಲಿ ಕಚ್ಕೊಂಡು ಹೋಗತ್ತೆ. ಮರಿಗೆ ಅದು ಗೊತ್ತೂ ಇರಲ್ಲ, ಕಣ್ಣೇ ಬಿಟ್ಟಿರಲ್ವಲ್ಲ!”

“ಮತ್ತ ನೀವು ಶನಿವಾರ ತಪ್ಪದಂಗ ಆ ಹನುಮಪ್ಪನ ಗುಡಿಗೆ ಹೋಗ್ತೀರಲ್ಲರೀ?” ಅಂದಳು ಅವ್ವ. ನಂಗನಲ್ಲೂರಿನ 32 ಅಡಿಯ ಆಂಜನೇಯ ಈ ಕಡೆಗೆಲ್ಲ ಹೆಸರುವಾಸಿ.

“ಎರಡೂ ಕಡೆ ಒಂದೊಂದು ಕಾಲು ಇಟ್ಟಿರೋಣ ಅಂತ” ಅಂದರು ಮಾಮಿ. ತಿಂಗಳುಗಳ ಮೇಲೆ ಅವ್ವ ಆ ದಿನ ನಕ್ಕದ್ದು.

ಕಣ್ಣೇ ಬಿಡದ ಮರಿಗೂ ರಕ್ಷಣೆಯಿದೆ ಅನ್ನುವ ಆ ಮಾತನ್ನು ನಾನು ಬಹಳ ದಿನ ಯೋಚಿಸಿದೆ. ನನ್ನನ್ನು ಹಿಡಿದಿರುವುದೂ ನನಗೆ ಹಿಡಿತ ಗೊತ್ತಾಗುವುದೂ ಎರಡು ಬೇರೆ ಸಂಗತಿಗಳು. ಬೋಧಕರ ಪ್ರಶ್ನೆ ಎರಡನ್ನೂ ಒಂದೇ ಮಾಡಿತ್ತು.

2010ರ ಜುಲೈನಲ್ಲಿ ಅವ್ವ ಆಸ್ಪತ್ರೆ ಸೇರಿದಳು. ಹೃದಯ ಸೋತಿತ್ತು, ಮೈಯೆಲ್ಲ ಬಾವು. ಮೂರನೆಯ ರಾತ್ರಿ ನಾನೊಬ್ಬನೇ ಪಕ್ಕದಲ್ಲಿದ್ದೆ. ಎರಡು ಗಂಟೆಯ ಹೊತ್ತಿಗೆ ಎಚ್ಚರಾಗಿ ಕೇಳಿದಳು: “ತಮ್ಮಾ, ನನ್ನ ಒಳಗ ಕರಕೋತಾನೋ ಇಲ್ಲೋ?”

“ಖಾತ್ರಿ ಕರಕೋತಾನವ್ವಾ” ಅಂದೆ.

ಅಷ್ಟು ಹೊತ್ತು ನನ್ನ ಮುಖವನ್ನೇ ನೋಡಿ, “ಅವತ್ತ ನೀ ಕೈ ಎತ್ತಿದ್ದೀ. ಖರೇನ ಗೊತ್ತೇನು ನಿನಗ?” ಅಂದಳು.

ಸಾಯುವ ತಾಯಿಗೆ ಸುಳ್ಳು ಹೇಳಬಹುದೇ? ನನ್ನ ಹತ್ತಿರ ಇಲ್ಲದ ಭರವಸೆಯನ್ನು ನಾನು ಕೊಡಬಹುದೇ? ಹೇಳಿದರೆ ಮೋಸ, ಹೇಳದಿದ್ದರೆ ಕ್ರೌರ್ಯ. ಕೊನೆಗೆ ನಿಜವನ್ನೇ ಹೇಳಿದೆ: “ಗೊತ್ತಿಲ್ಲವ್ವಾ. ನನಗೂ ಸಂಶಯ ಐತಿ, ನಿನಗಿಂತ ದೊಡ್ಡದು. ಆದ್ರ ನಿನಗ ದೀಕ್ಷಾಸ್ನಾನ ಕೊಡುವಾಗ ಅಯ್ಯನವರು ನಿನ್ನ ಹೆಸರು ಹಿಡಿದು ಹೇಳ್ಯಾರ. ಪ್ರಭುಭೋಜನದ ರೊಟ್ಟಿ ನಿನ್ನ ಕೈಯಾಗ ಇಟ್ಟಾರ. ನಾ ಹೇಳೋದಲ್ಲ ಇದು, ಅವರು ಹೇಳಿದ್ದು. ಅದನ್ನ ನಾ ಮತ್ತ ಹೇಳ್ತೀನಿ.”

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಬೇಸರಪಟ್ಟಳೇನೋ ಅಂದುಕೊಂಡೆ. “ನೀ ಒಬ್ಬಾವನ ಇದ್ದೀ ಅನ್ನು ಇಷ್ಟ ದಿನಾ” ಅಂದಳು. ಆಮೇಲೆ, ಕರ್ತನ ಪ್ರಾರ್ಥನೆ ಹೇಳೋಣ ಅಂದಳು. ಇಬ್ಬರೂ ಹೇಳಿದೆವು. ಐವತ್ತು ವರ್ಷ ಹೇಳಿದ ಪ್ರಾರ್ಥನೆಯಲ್ಲಿ ‘ನನ್ನ’ ಅನ್ನುವ ಮಾತು ಒಂದು ಕಡೆಯೂ ಇಲ್ಲ, ಎಲ್ಲ ‘ನಮ್ಮ’ ಅನ್ನುವುದು ಅವತ್ತು ಕಿವಿಗೆ ಬಿತ್ತು. ಮರುದಿನ ಸಂಜೆ ಆಕೆ ಹೋದಳು. ಆಗ ಆಕೆಗೆ ನಿಶ್ಚಯ ಇತ್ತೇ? ಹೇಳಲಾರೆ. ಹೆದರಿಕೆ ಮಾತ್ರ ಮುಖದಲ್ಲಿ ಇರಲಿಲ್ಲ.

ನಾನು ಕೊಟ್ಟ ಉತ್ತರ ಸರಿಯೇ ಅಂತ ಈಗಲೂ ತೂಗಿ ನೋಡುತ್ತೇನೆ. ಮದರ್ ತೆರೇಸಾ ಅವರ ಖಾಸಗಿ ಪತ್ರಗಳು 2007ರಲ್ಲಿ ಅಚ್ಚಾದಾಗ, ಅವರು ಸುಮಾರು ಐವತ್ತು ವರ್ಷ ಒಳಗೆ ಕತ್ತಲೆಯನ್ನೇ ಹೊತ್ತು, ದೇವರು ತನ್ನನ್ನು ಬಿಟ್ಟನೆಂಬ ಭಾವದಲ್ಲೇ ಬದುಕಿದ್ದು ಜಗತ್ತಿಗೆ ತಿಳಿಯಿತು. ಅದು ಆಷಾಢಭೂತಿತನ ಅಂತ ಕೆಲವರು ಅಂದರು. ಚರ್ಚು ಹಾಗೆ ಎಣಿಸದೆ 2016ರಲ್ಲಿ ಅವರನ್ನು ಸಂತರೆಂದು ಸಾರಿತು. ಇಂಗ್ಲಿಷ್ ಕವಿ ವಿಲಿಯಂ ಕೂಪರನದು ಇನ್ನೂ ಕಠಿಣ. 1773ರಲ್ಲಿ ಬುದ್ಧಿ ಕದಡಿ, ತಾನು ದೇವರಿಂದ ತಳ್ಳಲ್ಪಟ್ಟವನು ಅಂತ ಅವನ ತಲೆಯಲ್ಲಿ ಕೂತಿತು. 1800ರಲ್ಲಿ ಸಾಯುವತನಕ ಅದು ಬಿಡಲಿಲ್ಲ. ಗೆಳೆಯ ಜಾನ್ ನ್ಯೂಟನ್ ಜೊತೆ ಸೇರಿ ಅವನು ಬರೆದ ಕೀರ್ತನೆಗಳು 1779ರಲ್ಲಿ ಪ್ರಕಟವಾಗಿ, ಎಷ್ಟೋ ಜನರಿಗೆ ಧೈರ್ಯ ಕೊಡುತ್ತ ಬಂದಿವೆ. ತನಗೆ ದಕ್ಕದ್ದನ್ನು ಅವನು ಇತರರಿಗೆ ಕೊಟ್ಟ. ಅದು ಸುಳ್ಳೇ?

ನಾನು ಬ್ಯಾಂಕಿನಲ್ಲಿ ಮೂವತ್ತು ವರ್ಷ ಸಾಲದ ಕಾಗದ ನೋಡಿದವನು. ಅಲ್ಲಿ ಒಂದು ನಿಯಮ ಇದೆ. ತನ್ನ ಸಾಲಕ್ಕೆ ತಾನೇ ಜಾಮೀನು ನಿಲ್ಲಲು ಬರುವುದಿಲ್ಲ, ಸಹಿ ಇನ್ನೊಬ್ಬರದೇ ಆಗಬೇಕು. ಸಂತ ಪೌಲ ಈ ವಿಷಯಕ್ಕೆ ಬಳಸಿದ್ದೂ ವ್ಯಾಪಾರದ ಶಬ್ದವನ್ನೇ. ಕನ್ನಡ ಬೈಬಲಿನಲ್ಲಿ ಅದು ‘ಸಂಚಕಾರ’ ಅಂತ ಬಂದಿದೆ. ಎತ್ತಿನ ಸಂತೆಯಲ್ಲಿ ವ್ಯಾಪಾರ ಕುದುರಿದ್ದಕ್ಕೆ ಕೊಳ್ಳುವವನು ಮಾರುವವನ ಕೈಯಲ್ಲಿ ಇಡುವ ದುಡ್ಡು. ಕೊಡುವವನು ಅವನು, ಎತ್ತಲ್ಲ. ಹಾಗೆಯೇ ಯಾರೂ ತನಗೆ ತಾನೇ ದೀಕ್ಷಾಸ್ನಾನ ಕೊಟ್ಟುಕೊಳ್ಳುವುದಿಲ್ಲ, ಕ್ಷಮೆಯ ಮಾತು ಇನ್ನೊಂದು ಬಾಯಿಂದಲೇ ಬರಬೇಕು. ಹಾಗಿದ್ದ ಮೇಲೆ, ಆ ಮಾತನ್ನು ದಾಟಿಸುವವನ ಎದೆಯಲ್ಲಿ ಸಂಶಯ ಇದ್ದರೂ ಮಾತು ಕೆಡುವುದಿಲ್ಲ. ಕೆಡುವುದು, ಅದನ್ನು ತನ್ನದೇ ಕಂಡುಂಡ ಅನುಭವ ಅಂತ ತೋರಿಸಿಕೊಂಡಾಗ. ಕೂಟದಲ್ಲಿ ನಾನು ಎತ್ತಿದ ಕೈ ಸುಳ್ಳು. ಆಸ್ಪತ್ರೆಯಲ್ಲಿ ಎರಡನೆಯ ಸಲ ಆಡಿದ ಮಾತು ಸುಳ್ಳಲ್ಲ.

ಇದರಿಂದ ನನ್ನ ಸ್ವಂತ ಸಂಶಯ ತೀರಿತೇ ಅಂದರೆ, ಇಲ್ಲ. ಮನೆಯೇ ಇಲ್ಲವಾದರೆ ಜಾಮೀನಿನ ಸಹಿಗೆ ಏನು ಬೆಲೆ ಅಂತ ಯಾರಾದರೂ ಕೇಳಿದರೆ ಬಾಯಿ ಕಟ್ಟುತ್ತದೆ. ಆದರೆ ಈಗ ಕೈ ಎತ್ತಿ ಅಂದರೆ ಎತ್ತುವುದಿಲ್ಲ. ನಮ್ಮ ಕನ್ನಡ ಕುಟುಂಬಗಳು ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಸೇರುವುದನ್ನು ತಪ್ಪಿಸುವುದೂ ಇಲ್ಲ.

ಅವ್ವನ ಮಣ್ಣು ಬೆಟಗೇರಿಯಲ್ಲೇ ಆಯಿತು, ಅಪ್ಪನ ಪಕ್ಕದಲ್ಲಿ. ತಿರುಗಿ ಬಂದ ವಾರ ನಾನು ಗುಡ್ಡ ಹತ್ತಿದೆ. ಪೆಟ್ರಸ್ ಉಸ್ಕಾನ್ ಎಂಬ ಅರ್ಮೇನಿಯದ ವರ್ತಕ 18ನೆಯ ಶತಮಾನದಲ್ಲಿ ಕಟ್ಟಿಸಿದ ಮೆಟ್ಟಿಲುಗಳಿವೆ. ಮೇಲೆ ನಿಂತರೆ ಮೀನಂಬಾಕ್ಕಂನ ವಿಮಾನಗಳು ಏಳುವುದು ಇಳಿಯುವುದು ಕಾಣುತ್ತದೆ. ಪುಟ್ಟ ಚರ್ಚಿನ ಬೆಂಚಿನಲ್ಲಿ ಕೂತು ಯೋಹಾನನ ಸುವಾರ್ತೆಯಲ್ಲಿ ತೋಮನ ಭಾಗವನ್ನು ಮತ್ತೆ ಓದಿದೆ. ಸಂಡೇ ಸ್ಕೂಲಿನಲ್ಲಿ ಯಾರೂ ಹೇಳದ ಒಂದು ಸಣ್ಣ ವಿವರ ಅಲ್ಲಿತ್ತು. ತೋಮ ನಂಬುವುದಿಲ್ಲ ಅಂದದ್ದಕ್ಕೂ ಯೇಸು ಅವನಿಗೆ ಕಾಣಿಸಿಕೊಂಡದ್ದಕ್ಕೂ ನಡುವೆ ಎಂಟು ದಿನ. ಎಂಟು ದಿನದ ಮೇಲೂ ತೋಮ ಆ ಮನೆಯಲ್ಲೇ, ಕಂಡವರ ನಡುವೆಯೇ ಇದ್ದ. ಅವರು ಅವನನ್ನು ಹೊರಗೆ ಹಾಕಿರಲಿಲ್ಲ. ಅವನೂ ಎದ್ದು ಹೋಗಿರಲಿಲ್ಲ.